ಬೀಗತಿಯರೇ, ಆ ಸೂಜಿಯ ವಿಷಯ

ದಾವಣಗೆರೆ ಮತ್ತು ಹರಿಹರದ ಎಲ್ಲ ಬೀಗತಿಯರಿಗೆ ಈ ಪತ್ರ. ಬಾಷಾ ನಗರ, ಆಜಾದ್ ನಗರದ ಕಡೆ ಒಬ್ಬರನ್ನೊಬ್ಬರು ‘ಸಮ್‌ಧನ್’ ಎಂದು ಕರೆದುಕೊಳ್ಳುವ ಅಕ್ಕಂದಿರೂ ಇದರಲ್ಲಿ ಸೇರಿದ್ದೀರಿ.

ಈ ಪತ್ರವನ್ನು ಬಸುರಿ ಹೆಣ್ಣುಮಕ್ಕಳಿಗೇ ಬರೆಯಬಹುದಿತ್ತು. ಅವರಿಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆಸ್ಪತ್ರೆಯ ಗೋಡೆ ಬರಹ, ತಾಯಿ ಕಾರ್ಡಿನೊಳಗಿನ ಸೂಚನೆ, ಆಶಾ ಕಾರ್ಯಕರ್ತೆಯ ಮಾತು ಎಲ್ಲವೂ ಅವರಿಗೇ. ಆದರೆ ಗುರುವಾರ ಲಸಿಕೆ ಹಾಕುವ ಯಾವುದೇ ಕೇಂದ್ರದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿ. ಸಿಸ್ಟರ್ ಎಲ್ಲ ಹೇಳಿ ಮುಗಿಸಿದ ಮೇಲೆ ಹುಡುಗಿ ತಲೆ ತಗ್ಗಿಸಿ ಹೇಳುವುದು ಒಂದೇ ಮಾತು: “ಮನ್ಯಾಗೆ ಕೇಳ್ಕಂಡು ಬರ್ತೀನ್ರಿ.” ಮನೆ ಎಂದರೆ ಗಂಡ ಎಂದು ಸಿಸ್ಟರ್ ತಿಳಿದುಕೊಳ್ಳುತ್ತಾರೆ. ಗಂಡನಿಗೆ ಇಂಥದ್ದರಲ್ಲಿ ಅಭಿಪ್ರಾಯವೇ ಇರುವುದಿಲ್ಲ. “ಅವ್ವನ್ನ ಕೇಳು” ಎಂದು ಹೇಳಿ ಬೈಕ್ ಹತ್ತುತ್ತಾನೆ. ಹಾಗಾಗಿ ಮನೆ ಎಂದರೆ ನೀವು ಮತ್ತು ನಾನು.

ನಾನೂ ಒಬ್ಬ ಬೀಗತಿಯೇ. ಊರು ದಾವಣಗೆರೆ, ಮಗಳನ್ನು ಕೊಟ್ಟಿರುವುದು ಹರಿಹರಕ್ಕೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು, ವೈದ್ಯೆ ಅಲ್ಲ. ಇದನ್ನು ಡಾಕ್ಟರ ಹತ್ತಿರ ಹೋಗುವ ಮುಂಚೆ ಓದಿಕೊಳ್ಳಿ; ಅವರ ಮಾತಿಗೆ ಬದಲಾಗಿ ಓದಬೇಡಿ. ಬಸಿರಿನಲ್ಲಿ ಹಾಕುವ ಲಸಿಕೆಗೆ ಹುಡುಗಿ ಹೆದರುವುದರಲ್ಲಿ ತಪ್ಪಿಲ್ಲ. ಅವಳ ಹೆದರಿಕೆಗೆ ಉತ್ತರಗಳಿವೆ. ಆ ಉತ್ತರ ಅವಳ ಕಿವಿಗೆ ಬೀಳುವಂತೆ ಮಾಡಬೇಕಾದವರು ಎರಡೂ ಮನೆಯ ಹಿರಿಯ ಹೆಂಗಸರು. ನಾವೇ ಅವಳ ಹೆದರಿಕೆಗೆ ಇನ್ನೊಂದಿಷ್ಟು ಸೇರಿಸುತ್ತಿದ್ದೇವೆ ಎಂಬುದು ನನ್ನ ತಕರಾರು.

ಮೊದಲು ನಮ್ಮೆಲ್ಲರ ಬಾಯಲ್ಲಿರುವ ಮಾತು. “ನಮ್ ಕಾಲ್ದಾಗೆ ಇವೆಲ್ಲ ಇದ್ವೇನು? ನಾವು ಹಡೀಲಿಲ್ವಾ?”

ಇದ್ದವು. ಈಗ ಐವತ್ತು, ಐವತ್ತೈದು ದಾಟಿರುವ ನಮ್ಮಲ್ಲಿ ಹೆಚ್ಚಿನವರು ಹಡೆದದ್ದು 1985ರ ಈಚೆಗೆ. ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದೂ ಅದೇ 1985ರಲ್ಲಿ. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿತ್ತು. ನರ್ಸಮ್ಮ ಬಂದು ‘ಟಿಟಿ’ ಹಾಕಿ ಹೋಗುತ್ತಿದ್ದಳು. ತೋಳು ಎರಡು ದಿನ ನೋಯುತ್ತಿತ್ತು, ಆ ಕೈಯಲ್ಲಿ ಕೊಡ ಎತ್ತಲು ಆಗುತ್ತಿರಲಿಲ್ಲ, ಅತ್ತೆ ಗೊಣಗುತ್ತಿದ್ದಳು. ಮಕ್ಕಳು ಗಟ್ಟಿಯಾಗಿ ಬೆಳೆದವು, ಸೂಜಿ ಮರೆತುಹೋಯಿತು. ಈಗ ಸೊಸೆಗೆ ಹಾಕುವುದು ಹೆಚ್ಚು ಕಡಿಮೆ ಅದನ್ನೇ. 2019ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಟಿಟಿ ಬದಲು ‘ಟಿಡಿ’ ಬಂದಿದೆ. ಧನುರ್ವಾಯುವಿನ ಜೊತೆಗೆ ಗಂಟಲುಮಾರಿಯಿಂದಲೂ ಅದು ಕಾಪಾಡುತ್ತದೆ. ಬಸಿರು ಗೊತ್ತಾದ ಕೂಡಲೇ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಹಿಂದಿನ ಬಸಿರಿನಲ್ಲಿ ಎರಡೂ ಆಗಿದ್ದು, ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಒಂದೇ ಬೂಸ್ಟರ್ ಸಾಕು.

ಟಿಟಿ ಬರುವ ಮುಂಚಿನ ಕಾಲ ಬೇಕಿದ್ದರೆ ನಮ್ಮ ಅವ್ವಂದಿರನ್ನು ಕೇಳಬೇಕು. “ಹಡೆದದ್ದು ಎಂಟು, ಉಳಿದದ್ದು ಐದು” ಎಂದು ಲೆಕ್ಕ ಹೇಳುತ್ತಿದ್ದವರು ಅವರು. ಉಳಿಯದ ಮೂರು ಏನಾದವು ಎಂದು ಯಾರೂ ಬಿಡಿಸಿ ಕೇಳುತ್ತಿರಲಿಲ್ಲ. ಅಂಥ ಸಾವುಗಳಲ್ಲಿ ಒಂದು ಬಗೆ ಹೀಗಿರುತ್ತಿತ್ತು. ಮಗು ಹುಟ್ಟುತ್ತದೆ, ಅಳುತ್ತದೆ, ಎರಡು ದಿನ ಚೆನ್ನಾಗಿ ಹಾಲು ಕುಡಿಯುತ್ತದೆ. ಮೂರನೆಯ ದಿನದಿಂದ ಎರಡು ವಾರದೊಳಗೆ, ಬಹಳ ಸಲ ಏಳನೆಯ ದಿನದ ಆಸುಪಾಸಿನಲ್ಲಿ, ದವಡೆ ಬಿಗಿದುಕೊಳ್ಳುತ್ತದೆ. ಮೊಲೆ ಬಾಯಿಗಿಟ್ಟರೂ ಚೀಪಲಾಗುವುದಿಲ್ಲ. ಮುಟ್ಟಿದರೆ, ಪಾತ್ರೆ ಬಿದ್ದು ಸದ್ದಾದರೆ, ಮುಖಕ್ಕೆ ಬೆಳಕು ಬಿದ್ದರೆ ಮೈ ಸೆಟೆದು ಬೆನ್ನು ಹಿಂದಕ್ಕೆ ಬಾಗುತ್ತದೆ. ಗಾಳಿ ಸೋಕಿತು, ದೃಷ್ಟಿ ಬಿತ್ತು ಎಂದು ದಾರ ಕಟ್ಟಿಸುತ್ತಿದ್ದರು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಮುಗಿದುಹೋಗುತ್ತಿತ್ತು. ಜನನವೂ ಬರೆಸಿರುತ್ತಿರಲಿಲ್ಲ, ಮರಣವೂ ಇಲ್ಲ.

ಅದು ನವಜಾತ ಶಿಶುವಿನ ಧನುರ್ವಾಯು. ಅದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಸುಮ್ಮನೆ ಬದುಕಿರುತ್ತದೆ. ಕುಡುಗೋಲಿನಲ್ಲೋ ಹಳೇ ಬ್ಲೇಡಿನಲ್ಲೋ ಹೊಕ್ಕುಳಬಳ್ಳಿ ಕತ್ತರಿಸಿ, ಗಾಯ ಒಣಗಲೆಂದು ಬೂದಿ ಒತ್ತಿದರೆ ಒಳಗೆ ಹೋಗಲು ಅದಕ್ಕೆ ಅಷ್ಟು ದಾರಿ ಸಾಕು. ತಾಯಿಗೆ ಲಸಿಕೆ ಆಗಿದ್ದರೆ ಅವಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಹೋಗಿರುತ್ತವೆ. ಲೋಕಕ್ಕೆ ಬರುವಾಗಲೇ ಮಗುವಿನ ಮೈಯಲ್ಲಿ ಕಾವಲು ಇರುತ್ತದೆ. ಹುಟ್ಟಿದ ಮೇಲೆ ಮಗುವಿಗೇ ಸೂಜಿ ಹಾಕೋಣವೆಂದರೆ ಅದು ಕೆಲಸ ಶುರು ಮಾಡುವ ಹೊತ್ತಿಗೆ ಏಳನೆಯ ದಿನ ದಾಟಿರುತ್ತದೆ. ಅದಕ್ಕೇ ಬಸುರಿಗೆ ಹಾಕುವುದು.

1988ರಲ್ಲಿ ಜಗತ್ತಿನಲ್ಲಿ ಈ ಒಂದೇ ಕಾಯಿಲೆಯಿಂದ 7,87,000 ಹಸುಗೂಸುಗಳು ಸತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾಗಿದೆ ಎಂದು ಘೋಷಣೆಯಾದದ್ದು 2015ರಲ್ಲಿ. ಮೊನ್ನೆ ಮೊನ್ನೆ. ನಿವಾರಣೆ ಎಂದರೆ ಪ್ರತಿಯೊಂದು ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ. ಸಿಡುಬಿನ ಹಾಗೆ ಇದು ಭೂಮಿಯಿಂದಲೇ ತೊಲಗಿಲ್ಲ, ತೊಲಗುವುದೂ ಇಲ್ಲ, ಮಣ್ಣು ಇರುವವರೆಗೂ ಇರುತ್ತದೆ. ಒಂದು ತಲೆಮಾರಿನ ಸೊಸೆಯರು ತೋಳು ಒಡ್ಡದಿದ್ದರೆ ಮತ್ತೆ ಮನೆಯೊಳಗೆ ಬರುತ್ತದೆ. ನಮ್ಮ ಕಣ್ಣಿಗೆ ಕಾಯಿಲೆ ಬೀಳುತ್ತಿಲ್ಲ, ಸೂಜಿ ಮಾತ್ರ ಬೀಳುತ್ತಿದೆ. ಹೆದರಿಕೆಯೂ ಸಹಜವಾಗಿ ಕಂಡದ್ದರ ಮೇಲೆ ಹೋಗುತ್ತದೆ.

ಇನ್ನು ಹುಡುಗಿಯ ಹೆದರಿಕೆ. ಅದು ಎಲ್ಲಿಂದ ಬಂತು ಎಂದು ನಾವು ಆಶ್ಚರ್ಯಪಡುವುದೇ ನನಗೆ ಆಶ್ಚರ್ಯ. ತಿಂಗಳು ನಿಂತ ದಿನದಿಂದ ಅವಳಿಗೆ ಏನೇನು ಹೇಳಿದ್ದೇವೆ ನೆನಪಿಸಿಕೊಳ್ಳಿ. ಪರಂಗಿ ತಿನ್ನಬೇಡ, ಗ್ರಹಣದಲ್ಲಿ ಹೊರಗೆ ಬರಬೇಡ, ತಲೆನೋವೆಂದು ಮಾತ್ರೆ ನುಂಗಬೇಡ, ಹೊಟ್ಟೆಯಲ್ಲಿರೋದಕ್ಕೆ ಏನಾದರೂ ಆದೀತು. ಇಷ್ಟೆಲ್ಲ ಹೇಳಿಸಿಕೊಂಡವಳು ತೋಳಿಗೆ ಔಷಧಿ ಚುಚ್ಚಿಸಿಕೊಳ್ಳಲು ಹಿಂಜರಿದರೆ ಅವಳು ನಮ್ಮ ಮಾತನ್ನೇ ಪಾಲಿಸುತ್ತಿದ್ದಾಳೆ. ರಾತ್ರಿ ಎಲ್ಲ ಮಲಗಿದ ಮೇಲೆ ಮೊಬೈಲು ಹಿಡಿದು ಅದನ್ನೇ ಹುಡುಕುತ್ತಾಳೆ. ಒಂದು ಕೇಳಿದರೆ ಹತ್ತು ಸಿಗುವ ಜಾಗ ಅದು.

ಬಸುರಿ ಕಂಡ ಕಂಡ ಮಾತ್ರೆ ನುಂಗಬಾರದು ಎಂಬುದು ಒಳ್ಳೆಯ ಬುದ್ಧಿಯೇ. ಇದಕ್ಕೆ ದೊಡ್ಡ ಬೆಲೆ ತೆತ್ತ ಚರಿತ್ರೆಯಿದೆ. 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೋಮೈಡ್ ಎಂಬ ನಿದ್ದೆ ಮಾತ್ರೆಯನ್ನು ಬಸುರಿಯರ ವಾಂತಿಗೂ ಕೊಟ್ಟರು. 1961ರ ಕೊನೆಗೆ ಅದನ್ನು ವಾಪಸು ತೆಗೆದುಕೊಳ್ಳುವ ಹೊತ್ತಿಗೆ ಕೈಕಾಲು ಬೆಳೆಯದ ಮಕ್ಕಳು ಸಾವಿರಗಟ್ಟಲೆ ಹುಟ್ಟಿದ್ದವು. ಬಸುರಿಯರಿಗೆ ಕೊಡುವ ಯಾವುದನ್ನಾದರೂ ಜಗತ್ತು ಎರಡೆರಡು ಸಲ ತೂಗಿ ನೋಡುವುದನ್ನು ಕಲಿತದ್ದು ಅಲ್ಲಿಂದ. ಟಿಡಿ ಆ ತಕ್ಕಡಿಯಲ್ಲಿ ಕೂತು ಬಂದ ಲಸಿಕೆ. ಅದರಲ್ಲಿ ಜೀವಂತ ರೋಗಾಣು ಇಲ್ಲ, ಸತ್ತ ರೋಗಾಣುವೂ ಇಲ್ಲ. ರೋಗಾಣು ಉಗುಳುವ ವಿಷವನ್ನು ತೆಗೆದು, ಅದರ ವಿಷತ್ವ ಕಳೆದು, ಮೈಗೆ ಗುರುತು ಹಿಡಿಸಲು ಬೇಕಾದಷ್ಟನ್ನು ಮಾತ್ರ ಉಳಿಸಿರುತ್ತಾರೆ. ಅರ್ಧ ಮಿಲಿಲೀಟರ್. ಅದು ಮಗುವಿಗೆ ರೋಗ ತರಲಾರದು.

ಎಲ್ಲ ಲಸಿಕೆಯೂ ಬಸುರಿಗೆ ಆಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ದಡಾರ-ರುಬೆಲ್ಲಾ ಲಸಿಕೆಯಲ್ಲಿ, ಸೀತಾಳೆ ಸಿಡುಬಿನ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಅವನ್ನು ಬಸಿರಿನಲ್ಲಿ ಹಾಕುವುದಿಲ್ಲ, ಮೊದಲೇ ಹಾಕಿ ಮುಗಿಸಿರಬೇಕು. ಇಲ್ಲಿ ನನ್ನ ಮೇಷ್ಟ್ರುಗಿರಿಯ ನೆನಪೊಂದು ನುಗ್ಗುತ್ತದೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ, ಶಾಲೆಗಳಲ್ಲೂ ಸೇರಿ, ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ವಾಟ್ಸಾಪಿನಲ್ಲಿ ಏನೇನೋ ಹರಿದಾಡಿತು. ಗೇಟಿನ ಹೊರಗೆ ಪಾಲಕರು ಗುಂಪುಗಟ್ಟಿದರು, ಆ ದಿನ ಮಕ್ಕಳನ್ನು ಕಳಿಸದವರೂ ಇದ್ದರು. ಆದರೂ ಒಂಬತ್ತನೇ ಕ್ಲಾಸಿನ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಸಾಲಿನಲ್ಲಿ ನಿಂತರು. ರುಬೆಲ್ಲಾ ಮಕ್ಕಳಿಗೆ ಬಂದರೆ ಮೂರು ದಿನದ ದದ್ದು, ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿ. ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ 1941ರಲ್ಲಿ ಇದನ್ನು ಗುರುತಿಸಿದ್ದು, ಪೊರೆ ಬಂದ ಕೂಸುಗಳ ತಾಯಂದಿರ ಮಾತಿಗೆ ಕಿವಿಗೊಟ್ಟು. ಅಂದು ಸಾಲಿನಲ್ಲಿ ನಿಂತ ಆ ಹುಡುಗಿಯರೇ ಈಗ ನಿಮ್ಮ ಸೊಸೆಯರು, ನನ್ನ ನಿಮ್ಮ ಹೆಣ್ಣುಮಕ್ಕಳು. ಅವರ ಹೊಟ್ಟೆಯ ಕೂಸಿಗೆ ಆ ಸೂಜಿ ಆಗಲೇ ಕೆಲಸ ಮಾಡಿಟ್ಟಿದೆ.

ಹೆದರಿಕೆಯ ಇನ್ನೊಂದು ಎಳೆ ಕೊರೋನಾ ಕಾಲದ್ದು. ಅದನ್ನು ಮುಚ್ಚಿಟ್ಟು ಮಾತಾಡಿದರೆ ಹುಡುಗಿಯರು ನಂಬುವುದಿಲ್ಲ. 2021ರ ಜನವರಿ 16ಕ್ಕೆ ದೇಶದಲ್ಲಿ ಕೊರೋನಾ ಲಸಿಕೆ ಶುರುವಾದಾಗ ಬಸುರಿಯರಿಗೂ ಹಾಲೂಡಿಸುವವರಿಗೂ ಬೇಡ ಎಂದರು. ಮೇ ತಿಂಗಳಲ್ಲಿ ಹಾಲೂಡಿಸುವವರಿಗೆ ಆಗಬಹುದು ಎಂದರು. ಜುಲೈ 2ರಂದು ಬಸುರಿಯರೂ ಹಾಕಿಸಿಕೊಳ್ಳಬಹುದು ಎಂದರು. ಲಸಿಕೆಯ ಮೊದಲ ಪರೀಕ್ಷೆಗಳಲ್ಲಿ ಬಸುರಿಯರನ್ನು ಸೇರಿಸಿಕೊಂಡಿರಲಿಲ್ಲ, ಹಾಗಾಗಿ ಹೇಳಲು ಮಾಹಿತಿ ಇರಲಿಲ್ಲ, ಮಾಹಿತಿ ಬಂದ ಮೇಲೆ ಹೇಳಿದರು. ಇಷ್ಟನ್ನು ಬಿಡಿಸಿ ಹೇಳಿದ್ದರೆ ಸಾಕಿತ್ತು. ನಿನ್ನೆ ಬೇಡ, ಇವತ್ತು ಬೇಕು ಎಂದಷ್ಟೇ ಕೇಳಿಸಿದ ಮನೆಯಲ್ಲಿ ಅನುಮಾನ ಹುಟ್ಟಿದರೆ ಯಾರನ್ನು ದೂರುವುದು? ಆ ಐದೂವರೆ ತಿಂಗಳ ನಡುವೆ ಎರಡನೇ ಅಲೆ ಬಂದು ಹೋಗಿತ್ತು. ಸೋಂಕಿತ ಬಸುರಿ, ಬಾಣಂತಿಯರ ದಾಖಲೆ ಇಟ್ಟ ಅಧ್ಯಯನದ ಪ್ರಕಾರ ಮೊದಲ ಅಲೆಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ದ ಸಾವು ಎರಡನೇ ಅಲೆಯಲ್ಲಿ ನೂರಕ್ಕೆ 5.7ಕ್ಕೆ ಏರಿತ್ತು. ತಡವಾದದ್ದರ ಬೆಲೆ ಯಾರು ಕೊಟ್ಟರು ಎಂಬುದು ಆ ಅಂಕಿಯಲ್ಲಿದೆ.

ಟಿಟಿ ಸೂಜಿ ಹಾಕಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವಂತೆ ಎಂಬ ಮಾತು ಬೇರೆ. ತುರ್ತು ಪರಿಸ್ಥಿತಿಯಲ್ಲಿ ಕ್ಯಾಂಪು ಮಾಡಿ ಸಂತಾನಹರಣದ ಆಪರೇಷನ್ ಮಾಡಿಸಿದ್ದನ್ನು ಕಂಡ ನಮ್ಮ ಹಿರಿಯರಿಗೆ ಸರ್ಕಾರ ಸೂಜಿ ಹಿಡಿದು ಬಂದರೆ ಅದೇ ನೆನಪು. ಟಿಟಿಯ ಮೇಲೆಯೇ ಈ ಆರೋಪ ಬರಲು ಇನ್ನೊಂದು ಕಾರಣವಿದೆ, ಅದು ನಮ್ಮ ದೇಶದ್ದೇ. ದೆಹಲಿಯಲ್ಲಿ ಜಿ.ಪಿ. ತಲವಾರ್ ಎಂಬ ವಿಜ್ಞಾನಿ ಬಸಿರು ತಡೆಯುವ ಲಸಿಕೆಯೊಂದನ್ನು ಪ್ರಯೋಗಿಸುತ್ತಿದ್ದರು. ಬಸಿರಿನ ಹಾರ್ಮೋನಿನ ಒಂದು ಭಾಗವನ್ನು ಬೇಕೆಂದೇ ಧನುರ್ವಾಯು ಲಸಿಕೆಯ ಪ್ರೋಟೀನಿಗೆ ಜೋಡಿಸಿದ್ದರು. ಅದರ ವರದಿ 1994ರಲ್ಲಿ ಬಹಿರಂಗವಾಗಿ ಅಚ್ಚಾಗಿದೆ, ಗುಟ್ಟೇನಲ್ಲ. ಆ ಪ್ರಯೋಗದ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಮೆಕ್ಸಿಕೋ, ಫಿಲಿಪ್ಪೀನ್ಸ್, ಕೀನ್ಯಾ ಎಲ್ಲ ಸುತ್ತಿ, ಮಾಮೂಲಿ ಟಿಟಿಯೇ ಬಂಜೆ ಮಾಡುತ್ತದೆ ಎಂದಾಗಿ ವಾಪಸು ಬಂತು. ನಾವು ಟಿಟಿ ಹಾಕಿಸಿಕೊಂಡ ಮೇಲೆ ಎರಡನೆಯದು, ಮೂರನೆಯದು ಹಡೆದವರು. ನಮ್ಮ ಮನೆ ತುಂಬಿರುವುದೇ ಆ ಮಾತಿಗೆ ಉತ್ತರ.

ಬಳ್ಳಾರಿಯ ವಿಷಯ ಹಾಗೆ ತಳ್ಳಿಹಾಕುವಂಥದ್ದಲ್ಲ. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ನಮ್ಮ ಪಕ್ಕದ ಸೀಮೆ ಅದು, ಎಷ್ಟೋ ಮನೆಗಳ ನೆಂಟಸ್ತಿಕೆ ಇರುವ ಊರು. ಆ ಸುದ್ದಿ ಕೇಳಿದ ಬಸುರಿ ಸರ್ಕಾರಿ ಆಸ್ಪತ್ರೆಯ ಬಾಟಲಿ ಕಂಡರೆ ಬೆಚ್ಚಿದರೆ ಅವಳಿಗೆ ತಿಳಿವಳಿಕೆ ಇಲ್ಲ ಎನ್ನಬೇಡಿ. ಅದು ಲಸಿಕೆಯಲ್ಲ, ಬೇರೆ ಔಷಧಿ, ಬೇರೆ ದಾರಿಯಲ್ಲಿ ಬರುವಂಥದ್ದು ಎಂಬುದು ನಿಜ. ಅವಳ ಪ್ರಶ್ನೆ ಮಾತ್ರ ಸರಿಯಾದದ್ದೇ: ಈ ಬಾಟಲಿ ಚೆನ್ನಾಗಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು?

ಗೊತ್ತು ಮಾಡಿಕೊಳ್ಳಬಹುದು. ಜೊತೆಗೆ ಹೋಗಿ, ಸಿಸ್ಟರಿಗೆ ಬಾಟಲಿ ತೋರಿಸಲು ಹೇಳಿ. ಕಿರುಬೆರಳಿನಷ್ಟು ಗಾಜಿನ ಬಾಟಲಿ, ಹತ್ತು ಜನಕ್ಕಾಗುವಷ್ಟು ಲಸಿಕೆ. ಅದರ ಲೇಬಲ್ಲಿನ ಮೇಲೆ ನೇರಳೆ ಬಣ್ಣದ ಒಂದು ಪುಟ್ಟ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ, ಸುತ್ತಲಿನ ಬಣ್ಣಕ್ಕೆ ಸಮವಾದರೆ ಬಾಟಲಿ ಎಸೆಯಬೇಕು. ಓದು ಬರದವರೂ ನೋಡಿ ಹೇಳಬಹುದಾದ ಗುರುತು ಅದು. ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲು ಗೊತ್ತಲ್ಲ, ಆಗಂತೂ ನೋಡಿಯೇ ನೋಡಿ. ಬಾಟಲಿ ಮೊದಲೇ ತೆರೆದದ್ದಾಗಿದ್ದರೆ ಯಾವತ್ತು ತೆರೆದದ್ದು ಎಂದು ಅದರ ಮೇಲೆ ಬರೆದಿರಬೇಕು. ಸರಿಯಾಗಿ ತಂಪಿನಲ್ಲಿಟ್ಟಿದ್ದರೆ ಟಿಡಿಯನ್ನು ಇಪ್ಪತ್ತೆಂಟು ದಿನದವರೆಗೆ ಬಳಸಬಹುದು. ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ, ಐಸಾಗಿ ಗಟ್ಟಿಯಾದರೆ ಅದೂ ಕೆಟ್ಟಂತೆ. ಸಿರಿಂಜನ್ನು ನಿಮ್ಮ ಕಣ್ಣೆದುರೇ ಕವರಿನಿಂದ ಬಿಚ್ಚುತ್ತಾರೆ. ಒಂದು ಸಲ ಒತ್ತಿದ ಮೇಲೆ ಅದರ ಹಿಡಿ ಲಾಕ್ ಆಗುತ್ತದೆ, ಇನ್ನೊಬ್ಬರಿಗೆ ಬಳಸೋಣವೆಂದರೂ ಆಗುವುದಿಲ್ಲ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಬೇಕು. ಅಪರೂಪಕ್ಕೆ ಒಬ್ಬರಿಗೆ ಅಲರ್ಜಿ ಆಗುವುದುಂಟು, ಆದರೆ ಅದು ಬೇಗ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಮದ್ದು ಅವರ ಹತ್ತಿರ ಇರುತ್ತದೆ. ರೊಟ್ಟಿ ಬಡಿಯಬೇಕು ಎಂದು ಎಬ್ಬಿಸಿಕೊಂಡು ಬರಬೇಡಿ.

ಆಮೇಲೆ ತೋಳು ನೋಯುತ್ತದೆ, ಕೆಂಪಗಾಗಿ ಬಾವು ಬರಬಹುದು, ಮೈ ಬೆಚ್ಚಗಾಗಬಹುದು. ಒಂದೆರಡು ದಿನ. ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ಜ್ವರ ಬಂದರೆ ಯಾವ ಮಾತ್ರೆ ಎಂದು ಸಿಸ್ಟರನ್ನೇ ಕೇಳಿ. ಜ್ವರ ಇಳಿಯದಿದ್ದರೆ, ಬೇರೆ ಏನಾದರೂ ಕಂಡರೆ ಆಶಾಗೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ. ಲಸಿಕೆಯ ನಂತರ ಆದ ತೊಂದರೆಯನ್ನು ದಾಖಲಿಸಿ ವಿಚಾರಿಸುವ ವ್ಯವಸ್ಥೆ ಜಿಲ್ಲಾ ಮಟ್ಟದಲ್ಲಿದೆ.

ಈಗ ಹೇಳಲು ಕಷ್ಟವಾದ ಮಾತು. ಗೊತ್ತಾದ ನೂರು ಬಸಿರಿನಲ್ಲಿ ಹತ್ತರಿಂದ ಹದಿನೈದು ತಾವಾಗಿಯೇ ಇಳಿದುಹೋಗುತ್ತವೆ. ಹೆಚ್ಚಿನವು ಮೊದಲ ಮೂರು ತಿಂಗಳಲ್ಲಿ, ಅರ್ಧದಷ್ಟಾದರೂ ಭ್ರೂಣದ ವರ್ಣತಂತುಗಳಲ್ಲೇ ಇದ್ದ ದೋಷದಿಂದ. ತಾಯಿ ಏನು ತಿಂದಳು, ಎಲ್ಲಿ ನಡೆದಳು ಎಂಬುದಕ್ಕೆ ಸಂಬಂಧವಿಲ್ಲ. ಮೊದಲ ಟಿಡಿ ಬೀಳುವುದೂ ಅದೇ ತಿಂಗಳುಗಳಲ್ಲಿ. ಸಾವಿರಾರು ಹೆಣ್ಣುಮಕ್ಕಳು ಸೂಜಿ ಹಾಕಿಸಿಕೊಂಡಾಗ ಕೆಲವರಿಗೆ ಆ ವಾರವೇ ಬಸಿರು ಹೋಗುತ್ತದೆ, ಹಾಕಿಸಿಕೊಳ್ಳದಿದ್ದರೂ ಹೋಗುತ್ತಿತ್ತು. ಆದರೆ ಓಣಿಯಲ್ಲಿ ಸುದ್ದಿ ಆಗುವುದು “ಸೂಜಿ ಹಾಕಿಸ್ಕಂಡ್ಲು, ಹೋತು” ಎಂದೇ. ಈ ಮಾತು ಎರಡು ಕಡೆ ಕೆಡಿಸುತ್ತದೆ. ಮುಂದಿನ ಹುಡುಗಿ ಸೂಜಿಗೆ ಹೆದರುತ್ತಾಳೆ, ಕಳೆದುಕೊಂಡವಳು ತನ್ನ ಕೈಯಾರೆ ಕಳೆದುಕೊಂಡೆ ಎಂದು ಜೀವಮಾನವಿಡೀ ಕೊರಗುತ್ತಾಳೆ. ಅಂಥ ಮನೆಗೆ ಮಾತಾಡಿಸಲು ಹೋದಾಗ ನಮ್ಮ ಬಾಯಿ ಸ್ವಲ್ಪ ಹಿಡಿತದಲ್ಲಿರಲಿ.

ಬೀಗತಿಯರಿಗೆಂದೇ ಬರೆದದ್ದಕ್ಕೆ ಇನ್ನೊಂದು ಕಾರಣವಿದೆ, ಅದು ನಮ್ಮ ಎರಡು ಮನೆಗಳ ನಡುವಿನ ದಾರಿಯದು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ಸುಮ್ಮನಿರುತ್ತೇವೆ, ಆಶಾಗೂ ಹೇಳುವುದಿಲ್ಲ. ಹೆಸರು ನೋಂದಾಯಿಸುವುದೇ ತಡ. ಆಮೇಲೆ ಹರಿಹರದಲ್ಲಿ ಮೊದಲ ಸೂಜಿ ಆಗುತ್ತದೆ. ಅಷ್ಟರಲ್ಲಿ ಹಬ್ಬಕ್ಕೆ ತವರಿಗೆ, ವಾಂತಿ ಜಾಸ್ತಿಯೆಂದು ತವರಿಗೆ, ಕುಬಸಕ್ಕೆ ಇಲ್ಲಿ, ಹೆರಿಗೆಗೆ ಅಲ್ಲಿ. ನಾಲ್ಕು ವಾರದ ನಂತರ ಬೀಳಬೇಕಾದ ಎರಡನೆಯದು ಹರಿಹರಕ್ಕೂ ದಾವಣಗೆರೆಗೂ ನಡುವೆ, ಪಿ.ಬಿ. ರಸ್ತೆಯಲ್ಲೆಲ್ಲೋ ಉದುರಿಹೋಗುತ್ತದೆ. ಅತ್ತೆ “ಅವ್ರವ್ವ ಹಾಕ್ಸಿರ್ತಾಳೆ” ಎಂದುಕೊಳ್ಳುತ್ತಾಳೆ, ಅವ್ವ “ಅಲ್ಲೇ ಆಗೈತಂತೆ” ಎಂದುಕೊಳ್ಳುತ್ತಾಳೆ. ಹುಡುಗಿಗೆ ಹೆದರಿಕೆ ಇದ್ದರೆ ಇಬ್ಬರ ನಡುವೆ ನುಸುಳಿಕೊಳ್ಳಲು ಅದೊಳ್ಳೆ ಜಾಗ. ತಾಯಿ ಕಾರ್ಡು ಹರಿಹರದ ಟ್ರಂಕಿನಲ್ಲಿ ಸೀರೆಯ ಕೆಳಗಿರುತ್ತದೆ. ಎರಡೂ ಮನೆಯ ಫೋನಿನಲ್ಲಿ ಆ ಕಾರ್ಡಿನ ಫೋಟೋ ಇರಲಿ. ಕುಬಸದ ಬಳೆ, ಸೀರೆ, ಉಡಿಯಕ್ಕಿ ಮರೆಯದವರು ಕಾರ್ಡು ಮರೆಯುವುದೇನು? ಯಾವ ಸರ್ಕಾರಿ ಕೇಂದ್ರದಲ್ಲಾದರೂ ಎರಡನೆಯದು ಹಾಕುತ್ತಾರೆ, ಹರಿಹರದಲ್ಲಿ ಶುರುವಾದದ್ದು ಹರಿಹರದಲ್ಲೇ ಮುಗಿಯಬೇಕೆಂದಿಲ್ಲ. ಹೆರಿಗೆಗೆ ಕನಿಷ್ಠ ಎರಡು ವಾರ ಮುಂಚೆ ಎರಡನೆಯದು ಆಗಿರಬೇಕು. ತಡವಾಗಿದ್ದರೂ ಹೋಗಿ, ಇನ್ನೇಕೆ ಎಂದು ಬಿಡಬೇಡಿ.

ಖಾಸಗಿ ಆಸ್ಪತ್ರೆಗೆ ಹೋಗುವವರಿಗೆ ಇನ್ನೆರಡು ಹೆಸರು ಕೇಳಿಬರುತ್ತವೆ: ಫ್ಲೂ ಲಸಿಕೆ, ನಾಯಿಕೆಮ್ಮಿಗೂ ಸೇರಿಸಿದ ಟಿಡ್ಯಾಪ್. ದೇಶದ ಹೆರಿಗೆ ತಜ್ಞರ ಒಕ್ಕೂಟ ಎರಡನ್ನೂ ಶಿಫಾರಸು ಮಾಡುತ್ತದೆ, ಸರ್ಕಾರದ ಉಚಿತ ಪಟ್ಟಿಯಲ್ಲಿ ಅವಿಲ್ಲ. ದುಡ್ಡಿಗೆ ಹಾಕುತ್ತಿದ್ದಾರೆ ಎಂದು ಅನುಮಾನ ಬೇಡ. ಇಂಗ್ಲೆಂಡಿನಲ್ಲಿ 2012ರಲ್ಲಿ ನಾಯಿಕೆಮ್ಮಿನಿಂದ ಎಳೆಗೂಸುಗಳು ಸತ್ತಾಗ ಅಲ್ಲಿ ಬಸುರಿಯರಿಗೆಲ್ಲ ನಾಯಿಕೆಮ್ಮಿನ ಲಸಿಕೆ ಶುರು ಮಾಡಿದರು. ಹಾಕಿಸಿಕೊಂಡ ಇಪ್ಪತ್ತು ಸಾವಿರ ಹೆಂಗಸರ ದಾಖಲೆ ತೆಗೆದು ನೋಡಿದಾಗ ಮಗು ಹೊಟ್ಟೆಯಲ್ಲೇ ಸಾಯುವುದಾಗಲೀ ಬೇರೆ ಅಪಾಯವಾಗಲೀ ಹೆಚ್ಚಿದ ಸುಳಿವು ಸಿಗಲಿಲ್ಲ. 2014ರಲ್ಲಿ ಪ್ರಕಟವಾದ ಲೆಕ್ಕ ಅದು. ಅನುಕೂಲ ಇದ್ದವರು ಡಾಕ್ಟರನ್ನು ಕೇಳಿ ನಿರ್ಧರಿಸಿ. ಅನುಕೂಲ ಇಲ್ಲದವರಿಗೂ ಸಿಗಬೇಕಲ್ಲ ಎಂಬ ಪ್ರಶ್ನೆ ನಾವು ಓಟು ಹಾಕಿ ಆರಿಸಿದವರನ್ನು ಕೇಳಬೇಕಾದದ್ದು.

ನಾಯಿಯ ಮಾತು ಬಂದದ್ದಕ್ಕೆ ಇದೂ ಇರಲಿ. ನಮ್ಮೂರ ಬೀದಿ ನಾಯಿಗಳ ಕಾಟ ನಿಮಗೆ ಹೇಳಬೇಕಿಲ್ಲ. ಬಸುರಿಗೆ ನಾಯಿ ಕಚ್ಚಿದರೆ ಬಸುರಿ ಎಂಬ ಕಾರಣಕ್ಕೆ ರೇಬೀಸ್ ಸೂಜಿ ತಪ್ಪಿಸಲೇಬಾರದು. ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರೇಬೀಸ್ ಬಂದ ಮೇಲೆ ತಾಯಿಯೂ ಇಲ್ಲ, ಕೂಸೂ ಇಲ್ಲ.

ಸಿಸ್ಟರುಗಳೇ, ಆಶಾ ತಂಗಿಯರೇ, ಈ ಪತ್ರ ನಿಮ್ಮ ಕೈಗೂ ಸಿಕ್ಕೀತು. ನಿಮ್ಮ ತಲೆಯ ಮೇಲಿರುವ ರಿಜಿಸ್ಟರುಗಳ ಹೊರೆ ಗೊತ್ತು. ಆದರೂ “ಎಲ್ರೂ ಹಾಕಿಸ್ಕಂತಾರೆ, ನಿಂದೇನು ದೊಡ್ಡದು?” ಎಂಬ ಮಾತಿಗೆ ಹುಡುಗಿ ತೋಳು ಕೊಡುತ್ತಾಳೆ, ಎರಡನೆಯ ಸಲ ಬರುವುದಿಲ್ಲ. ಏನು ಹೆದರಿಕೆ ಎಂದು ಕೇಳಲು ಎರಡು ನಿಮಿಷ ಸಾಕು.

ಬೀಗತಿಯರೇ, ಸೂಜಿಯ ಮುಂದೆ ನಿಂತ ಮೊದಲ ಹಿರಿಯ ಹೆಂಗಸರು ನಾವಲ್ಲ. ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ತೈಲಚಿತ್ರವೊಂದಿದೆ. ಬಲಗಡೆ ನಿಂತವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ, ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಗಷ್ಟೇ ಭಾರತಕ್ಕೆ ಬಂದಿದ್ದ ಸಿಡುಬಿನ ಲಸಿಕೆಯನ್ನು ಹಾಕಿಸಿಕೊಂಡ ಜಾಗ ಅದು, ಜನರ ಹೆದರಿಕೆ ಬಿಡಿಸಲೆಂದೇ ಈ ಚಿತ್ರ ಬರೆಸಿದ್ದು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ನಡುವೆ ನಿಂತ ಹಿರಿಯಾಕೆ ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ ಇರಬೇಕೆಂದು ಅವರ ಊಹೆ. ಆಕೆಯೇ ಹೌದಾದರೆ, ಅರಮನೆಯಲ್ಲೂ ಸೊಸೆಯಂದಿರ ಪಕ್ಕ ಮನೆಯ ದೊಡ್ಡವಳು ಬಂದು ನಿಲ್ಲಬೇಕಾಯಿತು ಅಂತಾಯಿತು.

ಬರುವ ಗುರುವಾರ ನಿಮ್ಮ ಮನೆಯಲ್ಲಿ ಯಾರದಾದರೂ ಸೂಜಿ ಬಾಕಿ ಇದ್ದರೆ ಬೆಳಗಿನ ಕೆಲಸ ಸ್ವಲ್ಪ ಬೇಗ ಮುಗಿಸಿ. ಹುಡುಗಿ ಹೊಟ್ಟೆ ತುಂಬ ತಿಂಡಿ ತಿಂದಿರಲಿ, ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುತ್ತದೆ. ಸಡಿಲ ತೋಳಿನ ಕುಪ್ಪಸ ಹಾಕಿಕೊಳ್ಳಲಿ. ಕಾರ್ಡು ತಗೊಳ್ಳಿ, ನೀರಿನ ಬಾಟಲಿ ತಗೊಳ್ಳಿ, ನಿಮ್ಮ ಕನ್ನಡಕ ಮರೆಯಬೇಡಿ. ಆ ಪುಟ್ಟ ಚೌಕ ನೋಡಲು ಬೇಕಾಗುತ್ತದೆ.

ಇಂತಿ ನಿಮ್ಮ,
ದಾವಣಗೆರೆಯ ಒಬ್ಬ ಬೀಗತಿ